ಅನುಸೂಯಕ್ಕನ ಸಹಿ

"ಈ ಸಹಿ ನಿಮ್ದೇ ಏನಮ್ಮ?" ಎಸ್‌ಐ ತಮ್ಮ ಮೊಬೈಲನ್ನು ಹೊಲಿಗೆ ಯಂತ್ರದ ಮೇಲಿಟ್ಟು ಕೇಳಿದರು.

ಅನುಸೂಯ ಕನ್ನಡಕ ಏರಿಸಿ ನೋಡಿದಳು. ಬೆರಳಲ್ಲಿ ಗೀಚಿದ್ದು, ಕೋಳಿ ಕೆದರಿದ ಹಾಗಿತ್ತು. "ನಂದೇ ಸಾರ್."

ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಕ್ರೆಡಿಟ್ ಕಾರ್ಡ್ ನಂಬರ್ ಕದ್ದವನು ಎರಡು ದುಬಾರಿ ಫೋನುಗಳನ್ನು ಮಾಡದಕೆರೆಯ ಈ ಟೈಲರ್ ಅಂಗಡಿಯ ವಿಳಾಸಕ್ಕೆ ತರಿಸಿಕೊಂಡಿದ್ದ. ಕಳ್ಳನಿಗೂ ಊರಿನ ಪದ್ಧತಿ ಗೊತ್ತಿತ್ತು. ಹೊಲಕ್ಕೆ ಹೋದವರ, ಕುರಿ ಹಿಂದೆ ಹೋದವರ ಪಾರ್ಸಲ್ಲುಗಳೆಲ್ಲ ಇಳಿಯುವುದು ಇಲ್ಲೇ. ಅನುಸೂಯ ಯಾರ ಗುರುತಿನ ಚೀಟಿಯನ್ನೂ ಕೇಳಿದವಳಲ್ಲ. "ಯಾರ ಪೈಕಿ?" ಎನ್ನುವುದೊಂದೇ ಅವಳ ತಪಾಸಣೆ. ಫೋನು ಒಯ್ಯಲು ಬಂದವನು "ಕಾಟಲಿಂಗಪ್ಪರ ತಂಗಿ ಮಗ" ಅಂದಿದ್ದ. ಕಾಟಲಿಂಗಪ್ಪನ ಐದು ಜನ ತಂಗಿಯರ ಮಕ್ಕಳನ್ನು ಯಾರು ನೆನಪಿಟ್ಟಾರು? ಕುಡಿಯಲು ನೀರೂ ಕೊಟ್ಟು ಕಳಿಸಿದ್ದಳು.

ಅಂಥ ದುಬಾರಿ ಪಾರ್ಸಲ್ಲನ್ನು ಹೆಸರಿದ್ದವರ ಕೈಗೇ, ಆಧಾರ್ ನೋಡಿಯೇ ಕೊಡಬೇಕು. ಅದು ಡೆಲಿವರಿ ಮಾಡುವ ದುರ್ಗೇಶನ ಹೊಣೆ. ಆದರೆ ಆವತ್ತು ಅವನ ಚೀಲದಲ್ಲಿ ಇನ್ನೂ ಮೂವತ್ತು ಪಾರ್ಸಲ್ಲಿದ್ದವು. "ನೀವೇ ಒಂದು ಸಹಿ ಹಾಕ್ರಿ ಅಕ್ಕ, ನೀವು ನಮ್ಮೋರಲ್ವಾ," ಎಂದು ಅವನೇ ಮೊಬೈಲ್ ಚಾಚಿದ್ದ.

ಈಗ ಅವನು ಬಾಗಿಲಲ್ಲಿ ನಿಂತಿದ್ದ. ಎಸ್‌ಐ ಅವನತ್ತ ತಿರುಗಿದರು. "ಸಹಿ ನೀನೇ ಮಾಡಿಸಿದ್ಯೇನೋ?"

ಹೂಂ ಅಂದರೆ ಕೆಲಸ ಹೋಗುತ್ತದೆ. ಹೆಂಡತಿ ಸುಮಿತ್ರಾಗೆ ಏಳು ತಿಂಗಳು. "ಅಕ್ಕಾರು ಯಾವಾಗ್ಲೂ ಇಸ್ಕಂತಾರೆ ಸಾರ್..." ಎಂದು ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಎಸ್‌ಐ ಗದರಿದ ಮೇಲೆ ಅದನ್ನೂ ಆರಿಸಿದ. "ಅವ್ರೇ ಕೇಳಿದ್ರು. ಹೆಸರಿದ್ದೋರು ನಂಗೆ ಗೊತ್ತು, ಕೊಡು ಅಂದ್ರು."

ಅನುಸೂಯ ಅವನನ್ನೇ ನೋಡಿದಳು. ಅವನು ನೆಲ ನೋಡಿದ. ಸುಮಿತ್ರಾಳ ಸೀಮಂತದ ರವಿಕೆ ಹೊಲಿದವಳು ಇವಳೇ, ಕೂಲಿಯನ್ನೂ ಇಸಿದುಕೊಂಡಿರಲಿಲ್ಲ.

"ಹೂಂ ಸಾರ್. ನಾನೇ ಕೇಳಿ ಇಸ್ಕಂಡೆ," ಎಂದಳು.

"ಹಂಗಾದ್ರೆ ಹೊಸದುರ್ಗಕ್ಕೆ ನಡೀರಿ. ಅಲ್ಲಿ ಹೇಳಿಕೆ ಕೊಡಿ."

ಎದುರು ಮನೆಯ ನಾಗಕ್ಕ, ಬೆಳಗ್ಗೆಯಷ್ಟೇ ಪಾರ್ಸಲ್ ಒಯ್ದವಳು, ಮೆಲ್ಲಗೆ ಬಾಗಿಲು ಹಾಕಿಕೊಂಡಳು. ಅನುಸೂಯ ಯಂತ್ರಕ್ಕೆ ಬಟ್ಟೆ ಹೊದಿಸಿ, ಷಟರ್ ಎಳೆದು ಬೀಗ ಹಾಕಿದಳು. ಮಹಿಳಾ ಪೇದೆ ಜೀಪಿನ ಬಾಗಿಲು ತೆರೆದಳು. ಹತ್ತುವ ಮೊದಲು ಅನುಸೂಯ ತಿರುಗಿ ಬಂದು ದುರ್ಗೇಶನ ಅಂಗೈಗೆ ಬೀಗದಕೈ ಇಟ್ಟಳು.

"ಮಗಳು ನಾಗಶ್ರೀ ಕಾಲೇಜು ಮುಗಿಸಿ ಸಂಜೆ ಬಸ್ಸಿಗೆ ಬರ್ತಾಳೆ. ಬ್ಯಾರೆ ಯಾರ ಕೈಗೂ ಕೊಡಬ್ಯಾಡಪ್ಪ. ಅವಳ ಕೈಗೇ ಕೊಡು."

ಅವಳು ಬೈದಿದ್ದರೆ ದುರ್ಗೇಶ ತಡೆದುಕೊಳ್ಳುತ್ತಿದ್ದ. ಜೀಪು ಹೋದ ಮೇಲೆ ಅವನು ಬಸ್ ನಿಲ್ದಾಣದ ಕಲ್ಲಿನ ಮೇಲೆ ಕುಳಿತ. ಒಂದು ಬಸ್ಸು ಬಂದು ಹೋಯಿತು. ಅದರಲ್ಲಿ ಹುಡುಗಿ ಇರಲಿಲ್ಲ. ಜೇಬಿನಲ್ಲಿ ಮೊಬೈಲ್ ಬಡಿದುಕೊಳ್ಳುತ್ತಲೇ ಇತ್ತು; ಬೀಗದಕೈ ಹಿಡಿದ ಮುಷ್ಟಿ ಬಿಚ್ಚದೆ ಅವನು ದಾರಿ ನೋಡುತ್ತ ಕುಳಿತ.