ಸಂದೀಪನ ಹೆಸರಿದ್ದ ಪುಟ

ಚಚಡಿಯ ಕೃಷ್ಣವ್ವನಿಗೆ ರಾಮದುರ್ಗದ ವರನ ಮೇಲೆ ಸಂಶಯ ಹುಟ್ಟಿದ್ದು ಮಂಗಳವಾರ ಮುಂಜಾನೆ, ಜೋಳ ಹಸನು ಮಾಡುತ್ತ ಕೂತಾಗ. ಮಗಳು ಐಶ್ವರ್ಯಾ ವರನ ಬಯೋಡೇಟಾದಲ್ಲಿದ್ದ ಕಾಲೇಜಿನ ಲಿಂಕನ್ನು ಮೊಬೈಲಿನಲ್ಲಿ ಒತ್ತಿದ್ದಳು. ‘ಸಂದೀಪ, ಉಪನ್ಯಾಸಕ, ಇತಿಹಾಸ’ ಎಂದು ಬರಬೇಕಾದಲ್ಲಿ ಬಿಳೀ ಪರದೆಯ ಮೇಲೆ ದಪ್ಪಗೆ 404 ಎಂದು ಬಂತು.

“ಏನಂತೈತಿ ಅದು?”

“ಪುಟ ಸಿಗಲಿಲ್ಲ ಅಂತೈತಿ ಯವ್ವಾ. ಕಾಲೇಜಿನ ಸೈಟ್ ಐತಿ, ಆದ್ರ ಈ ವಿಳಾಸದಾಗ ಪುಟ ಇಲ್ಲ. ಬ್ಯಾರೆ ಕಡೆ ಇಟ್ಟಿರಬೇಕು, ಇಲ್ಲಾ ತಗದಿರಬೇಕು.”

ಕೃಷ್ಣವ್ವ ಮೊರ ಕೆಳಗಿಟ್ಟಳು. “ಯಾಕ ತಗದಾರು?”

ಐಶ್ವರ್ಯಾ ವಿಳಾಸದ ಬಾಲ ಕತ್ತರಿಸಿ ಸೈಟಿನ ಮೊದಲ ಪುಟಕ್ಕೆ ಹೋದಳು. ಕಟ್ಟಡದ ಚಿತ್ರ ಬಂತು. ‘ಸಿಬ್ಬಂದಿ’ ಎಂದಿದ್ದನ್ನು ಒತ್ತಿದರೆ ಮತ್ತೆ ಅದೇ 404.

“ಅವರಿಗೇ ಫೋನ್ ಮಾಡಿ ಕೇಳೂಣು,” ಎಂದಳು.

“ಕೇಳಿದ್ರ ಖರೇ ಹೇಳ್ತಾರೇನು? ಹುಷಾರಾಗ್ತಾರ.”

ಹಾಲಿಗೆ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ನಾಲ್ಕು ವರ್ಷದ ಹಿಂದೆ ಅಕ್ಕ ತಾಯವ್ವನ ಮಗಳನ್ನು ಇಂಜಿನಿಯರ್ ಅಂದವನಿಗೆ ಕೊಟ್ಟಿದ್ದರು. ಅವನು ಹೇಳಿದ ಕಂಪನಿಯೇ ಇಲ್ಲವೆಂದು ತಿಳಿಯುವಷ್ಟರಲ್ಲಿ ಹುಡುಗಿಯ ಉಡಿಯಲ್ಲಿ ಕೂಸಿತ್ತು.

ಮರುದಿನ ಕೃಷ್ಣವ್ವ ಅಕ್ಕನ ಮನೆಗೆಂದು ಹೇಳಿ ಹೊರಟಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋಗಿ ಇಳಿದಳು.

ಕಾಲೇಜೇನೋ ಇತ್ತು. ಆಫೀಸಿನಲ್ಲಿ ರಾಜಮಾ ಎಂಬ ಹೆಣ್ಣುಮಗಳು ಕಂಪ್ಯೂಟರಿನ ಮುಂದೆ ಕೂತಿದ್ದಳು.

“ಸಂದೀಪ ಅಂತ ಮಾಸ್ತರು ಅದಾರೇನ್ರಿ ಇಲ್ಲಿ?”

“ನೀವ್ಯಾರ್ರಿ?”

“ಪಾಲಕರು.”

“ಮಗನೋ ಮಗಳೋ? ಹೆಸರೇನ್ರಿ? ಯಾವ ವರ್ಷ?”

ಅಲ್ಲಿಯ ತನಕ ಕೃಷ್ಣವ್ವ ಯೋಚಿಸಿರಲಿಲ್ಲ. ರಾಜಮಾ ಅವಳನ್ನು ಸೆರಗಿನಿಂದ ಚಪ್ಪಲಿಯ ತನಕ ಒಮ್ಮೆ ನೋಡಿದಳು. ತಾನು ಪರೀಕ್ಷೆ ಮಾಡಲು ಬಂದು ತನ್ನ ಪರೀಕ್ಷೆಯೇ ನಡೆದಿದೆಯಲ್ಲ ಎಂದು ಕೃಷ್ಣವ್ವನಿಗೆ ಅನ್ನಿಸಿತು. ಕಡೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು.

ರಾಜಮಾ ನಗಲಿಲ್ಲ. “ಹೋದ ತಿಂಗಳ ಸೈಟ್ ಹೊಸಾದು ಮಾಡಸೇವ್ರಿ. ಹಳೇ ವಿಳಾಸ ಒಂದೂ ನಡ್ಯಾಂಗಿಲ್ಲ. ಪುಟ ಎಲ್ಲೂ ಹೋಗಿಲ್ಲ, ಅದರ ಜಾಗಾ ಬದಲಾಗೇತಿ. ಸಿಬ್ಬಂದಿ ಪಟ್ಟಿ ನಿನ್ನೆ ಸಂಜೀಕ ಸರಿ ಆತು. ನೋಡ್ರಿ.” ಪರದೆಯನ್ನು ಈಚೆ ತಿರುಗಿಸಿದಳು.

ಸಂದೀಪನ ಫೋಟೋ ಇತ್ತು. ಅದೇ ಮುಖ, ಅದೇ ಹೆಸರು. ಕೆಳಗಿನ ಅಕ್ಷರಗಳನ್ನು ಕೃಷ್ಣವ್ವ ಕೂಡಿಸಿ ಕೂಡಿಸಿ ಓದಿದಳು: ಅತಿಥಿ ಉಪನ್ಯಾಸಕ.

“ಅತಿಥಿ ಅಂದ್ರೇನ್ರಿ?”

“ಖಾಯಂ ಅಲ್ರಿ. ವರ್ಷಾ ವರ್ಷಾ ಹೊಸದಾಗಿ ತಗೋತಾರ.”

ಪುಟ ಸಿಕ್ಕಿತು, ಸಂಶಯ ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಪಡಸಾಲೆಯ ಕಂಬಕ್ಕೆ ಒರಗಿ ನಿಂತಳು. ಒಳಗೆ ಸಂದೀಪನ ಪಾಠ ನಡೆದಿತ್ತು. ಮಾತು ತಿಳಿಯಲಿಲ್ಲ, ಆದರೆ ಹುಡುಗರ ಗದ್ದಲ ಕೇಳಲಿಲ್ಲ. ಗಂಟೆ ಹೊಡೆದ ಮೇಲೆ ಸಂದೀಪ ಹೊರಬಂದವನು, ತಾನು ಕನ್ಯಾ ನೋಡಲು ಹೋಗಿದ್ದ ಮನೆಯ ಯಜಮಾನಿಯನ್ನು ಕಂಡು ನಿಂತಲ್ಲೇ ನಿಂತ.

“ಅವ್ವಾರ, ನೀವು ಇಲ್ಲಿ?”

“ಬಯೋಡೇಟಾದಾಗ ಅತಿಥಿ ಅನ್ನೂ ಶಬ್ದ ಇರಲಿಲ್ಲಲ್ರಿ.”

ಸಂದೀಪ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಒರೆಸಿಕೊಂಡ. “ನಾ ಬರದ ಕೊಟ್ಟಿದ್ನಿರಿ. ಮಧ್ಯಸ್ಥಿ ಮಾಡಿದ ಭೀಮಶಿ ಕಾಕಾ ಟೈಪ್ ಮಾಡಸುವಾಗ ತಗಸ್ಯಾರ. ಗೊತ್ತಾದ ಮ್ಯಾಲೂ ನಾ ಸುಮ್ಮನಿದ್ದೆ. ಅದು ನನ್ನ ತಪ್ಪು.”

ಸಿಕ್ಕಿಬಿದ್ದದ್ದಕ್ಕೆ ಹೇಳಿದನೋ, ತಾನಾಗಿಯೇ ಹೇಳುವವನಿದ್ದನೋ? ಚಹಾಕ್ಕೆ ಕರೆದ, ಒಲ್ಲೆನೆಂದಳು. ಬಸ್ಸಿನಲ್ಲಿ ಸಾಲಹಳ್ಳಿ ದಾಟುವ ತನಕ ಅದನ್ನೇ ತೂಗಿದಳು. ತಕ್ಕಡಿ ಒಂದು ಕಡೆಗೂ ವಾಲಲಿಲ್ಲ.

ಮನೆಗೆ ಬಂದು, ಸುಳ್ಳು ಹೇಳಿ ಹೋದದ್ದನ್ನೂ ಸೇರಿಸಿ ಮಗಳಿಗೆ ಎಲ್ಲ ಹೇಳಿದಳು. ಐಶ್ವರ್ಯಾ ಸಿಟ್ಟಾದಳು. ಆಮೇಲೆ ಸಂದೀಪನ ನಂಬರು ಇಸಿದುಕೊಂಡು, ತಾಯಿಯ ಎದುರಿಗೇ ಫೋನು ಹಚ್ಚಿದಳು.

“ಬರೂ ವರ್ಷ ನಿಮ್ಮನ್ನ ತಗೋಳಿಲ್ಲಂದ್ರ ಏನ್ ಮಾಡ್ತೀರಿ?”

ಅವಳು ಕೇಳಿಸಿಕೊಂಡಳು, ಇನ್ನೆರಡು ಮಾತಾಡಿ ಫೋನಿಟ್ಟಳು.

“ಏನಂದ?”

“ಗೊತ್ತಿಲ್ಲ ಅಂದ್ರು. ಖಾಯಂ ನೌಕರಿ ಪರೀಕ್ಷೆ ಬರ್ಯಾಕ ಹತ್ತಾರಂತ, ಆಗೇ ಆಗ್ತದ ಅಂತ ಹೇಳಾಕ ಬರಾಂಗಿಲ್ಲ ಅಂದ್ರು. ಐತವಾರ ಬರ್ತಾರಂತ, ಭೀಮಶಿ ಕಾಕಾನ್ನ ಬಿಟ್ಟು. ಬರ್ರಿ ಅನ್ನಲೇನು?”

ಕೃಷ್ಣವ್ವ ಜೋಳದ ಮೊರ ಮತ್ತೆ ಎಳೆದುಕೊಂಡಳು.

“ಬರ್ಲಿ,” ಎಂದಳು. “ಆದ್ರ ಊಟಕ್ಕ ಅನ್ನಬ್ಯಾಡ. ಚಹಾಕ್ಕ ಅಂತ ಹೇಳು.”