ಓರಿಯಾಕ್ ಪಂದ್ಯ ಗೆದ್ದವನ ಕಾರ್ಖಾನೆ

೧೮೯೩ರಲ್ಲಿ ಲಿಯೋನ್‌ನಿಂದ ಓರಿಯಾಕ್‌ವರೆಗಿನ ಸೈಕಲ್ ಪಂದ್ಯವನ್ನು ಎವಾರಿಸ್ತ್ ಪೊಮ್ಮೆರೋಲ್ ಗೆದ್ದಾಗ ನಾನು ಅವನ ಜೊತೆಗಿದ್ದೆ. ಕೊನೆಯ ಅರವತ್ತು ಕಿಲೋಮೀಟರ್ ಅವನ ಮುಂದೆ ತುಳಿಯುತ್ತಾ ಎದುರುಗಾಳಿ ತಡೆಯುವುದು ನನ್ನ ಕೆಲಸ. ಅವನು ಇಪ್ಪತ್ತೊಂದು ಗಂಟೆ ತುಳಿದಿದ್ದ. ಪತ್ರಿಕೆಗಳಲ್ಲಿ ಅವನ ಚಿತ್ರ ಬಂತು. ಆ ಹೆಸರಿನ ಬಲದ ಮೇಲೆ ಮೂರೇ ವರ್ಷದಲ್ಲಿ ಸಾಂತ್-ಎತಿಯೆನ್‌ನಲ್ಲಿ ಸೈಕಲ್ ಚೈನಿನ ಕಾರ್ಖಾನೆ ತೆರೆದು, ನನ್ನನ್ನೂ ಕೆಲಸಕ್ಕೆ ಕರೆದುಕೊಂಡ.

ಹದಿಮೂರು ವರ್ಷ ಕಳೆಯಿತು. ನಾವು ಇನ್ನೂರು ಗಂಡಸರು, ದಿನಕ್ಕೆ ಹನ್ನೆರಡು ಗಂಟೆ ದುಡಿಯುತ್ತಿದ್ದೆವು. ಒಂದು ಸಂಜೆ ಚೈನಿನ ಕೊಂಡಿಗಳನ್ನು ಅಚ್ಚೊತ್ತುವ ಯಂತ್ರದ ಮುಂದೆ ನಿಂತಲ್ಲೇ ತೂಕಡಿಸಿದ ಫ್ಲೋರಿಮೋನ್ ಎರಡು ಬೆರಳು ಕಳೆದುಕೊಂಡ.

ಮರುದಿನ ಅವನ ಹೆಂಡತಿ ಕ್ಲೋಟಿಲ್ಡ್ ಗೇಟಿನಲ್ಲಿ ನನ್ನನ್ನು ತಡೆದಳು. "ನೀನೇ ಹೋಗಿ ಧಣಿ ಹತ್ರ ಮಾತಾಡು, ಬಾರ್ನಬೆ. ಅವನಿಗೋಸ್ಕರ ಅಷ್ಟು ಗಾಳಿ ಕುಡಿದೋನು, ಬಾಯಿ ಮಾತ್ರ ಯಾಕೆ ಕಟ್ಟಿಹೋಗಿದೆ?"

ಹೋದೆ. ಪೊಮ್ಮೆರೋಲ್ ಕಚೇರಿಯಲ್ಲಿ ಬೂಟು ಕಳಚಿ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕುಳಿತಿದ್ದ.

"ಕೂತ್ಕೋ."

"ನಿಂತೇ ಹೇಳ್ತೀನಿ, ಧಣಿ. ಕೂತ್ರೆ ನಿದ್ದೆ ಬರುತ್ತೆ. ಹನ್ನೆರಡು ಗಂಟೆ ಯಾರ ಕೈಲೂ ಆಗ್ತಿಲ್ಲ. ಹತ್ತು ಮಾಡಿ."

"ನಾನು ಇಪ್ಪತ್ತೊಂದು ಗಂಟೆ ತುಳಿದಿದ್ದೀನಿ. ಯಾರ ಹತ್ರಾನೂ ಹೋಗಿ ಅಳಲಿಲ್ಲ."

"ಒಂದು ದಿನ ತುಳಿದ್ರಿ. ಆಮೇಲೆ ಮೂರು ದಿನ ಮಲಗಿದ್ರಿ. ಚಮಚ ಹಿಡಿಯೋಕೂ ನಿಮಗೆ ಆಗ್ತಿರ್ಲಿಲ್ಲ, ನಾನೇ ಸೂಪ್ ಕುಡಿಸ್ದೆ. ಫ್ಲೋರಿಮೋನ್ ದಿನಾ ಬೆಳಿಗ್ಗೆ ಆರಕ್ಕೆ ಬರ್ಬೇಕಿತ್ತು."

ಅವನು ಕಾಲನ್ನು ಸ್ಟೂಲಿನಿಂದ ಕೆಳಗಿಳಿಸಿದ.

"ಇದನ್ನ ಪತ್ರಿಕೆಯವರಿಗೆ ಹೇಳಿರ್ಲಿಲ್ಲ ನೀನು."

"ಅವರು ಕೇಳಿರ್ಲಿಲ್ಲ."

"ನಂಗೂ ಸಾಕಾಗಿದೆ ಕಣೋ. ಸೈಕಲ್ ಮುಟ್ಟಿ ಮೂರು ವರ್ಷ ಆಯ್ತು. ಜರ್ಮನ್ನರ ಚೈನು ನಮ್ಮದಕ್ಕಿಂತ ಅಗ್ಗ. ಹನ್ನೊಂದು ಮಾಡ್ತೀನಿ. ಇನ್ನು ಎಳೆದಾಡಬೇಡ."

ಹತ್ತಕ್ಕೇ ಪಟ್ಟು ಹಿಡಿಯಬೇಕಿತ್ತು. ನನಗೂ ತ್ರಾಣವಿರಲಿಲ್ಲ. ಆಗಲಿ ಎಂದು ಬಂದುಬಿಟ್ಟೆ.

ವಿಷಯ ಕೇಳಿ ಕ್ಲೋಟಿಲ್ಡ್ ನಗಲಿಲ್ಲ, ಬೈಯಲೂ ಇಲ್ಲ. "ಒಂದೊಂದು ಬೆರಳಿಗೆ ಅರ್ಧ ಗಂಟೆ ಅನ್ನು" ಎಂದು ಬುಟ್ಟಿ ಎತ್ತಿಕೊಂಡು ಹೊರಟಳು.

ಫ್ಲೋರಿಮೋನ್‌ನನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಮುಂದಿನ ಸೋಮವಾರ ಸಂಜೆ ಒಂದು ಗಂಟೆ ಮೊದಲೇ ಸೈರನ್ ಕೂಗಿತು. ಹೊರಗೆ ಇನ್ನೂ ಬಿಸಿಲಿತ್ತು. ಎಲ್ಲರೂ ಮನೆ ಕಡೆ ಓಡುತ್ತಾರೆಂದುಕೊಂಡಿದ್ದೆ. ಹೆಚ್ಚಿನವರು ಕಾರ್ಖಾನೆಯ ಗೋಡೆಗೊರಗಿ ಕುಳಿತುಬಿಟ್ಟರು. ನಾನೂ ಕುಳಿತೆ. ಪಕ್ಕದವನು ಆಗಲೇ ತೂಕಡಿಸುತ್ತಿದ್ದ.