ಕಡಾಯಿ ಮಗುಚಿದವನು

ಹೊಳೆಯ ನೆರೆಹಾವಳಿ ಮೇಲೆ ಸಿನಿಮಾ ಮಾಡುವವರು ನಮ್ಮೂರಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ನಾನು ನಾಜಿಮಾ, ಹೊಲಿಗೆಯವಳು. ಇಂಡಿ ತಾಲೂಕಿನ ಭೀಮಾ ದಂಡೆಯ ಊರು ನಮ್ಮದು. ಐದು ವರ್ಷದ ಹಿಂದೆ ಹೊಳೆ ಊರೊಳಗೆ ನುಗ್ಗಿದಾಗ ನಮ್ಮಪ್ಪ ಕಾಸಿಂಸಾಬ ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯನ್ನು ನೀರಿಗಿಳಿಸಿ, ಬಿದಿರಿನ ಗಳ ಊರಿ ನಡೆಸುತ್ತ, ಮಾಳಿಗೆಗಳ ಮೇಲೆ ಸಿಕ್ಕಿಕೊಂಡವರನ್ನು ದಡ ಮುಟ್ಟಿಸಿದ. ಸರಕಾರದ ದೋಣಿ ಬಂದದ್ದು ಮರುದಿನ. ಅಷ್ಟರಲ್ಲಿ ಅಪ್ಪ ಹದಿನೇಳು ಜನರನ್ನು ಉಳಿಸಿದ್ದ. ಕೊನೆಯವರು ಇಂದೂಬಾಯಿ ಮತ್ತು ಅವರ ಮೂರು ವರ್ಷದ ಮೊಮ್ಮಗಳು ಸಂಪದಾ. ಅವರನ್ನು ಇಳಿಸಿ, ಅವರ ಆಕಳಿನ ಹಗ್ಗ ಬಿಚ್ಚಲು ವಾಪಸು ಹೋದಾಗ ತೇಲಿಬಂದ ಮರದ ಬೊಡ್ಡೆ ಬಡಿದು ಕಡಾಯಿ ಮಗುಚಿತು. ಅಪ್ಪ ಮೂರನೆಯ ದಿನ ಸಿಕ್ಕ, ಜಾಲಿಕಂಟಿಯಲ್ಲಿ.

ಪೇಪರಿನಲ್ಲಿ ಗ್ರಾಮಸ್ಥರ ಸಾಹಸ ಎಂದು ಎರಡು ಸಾಲು ಬಂತು. ಹೆಸರಿರಲಿಲ್ಲ. ಸಿನಿಮಾದಲ್ಲಾದರೂ ಅಪ್ಪ ಇರಲಿ, ಇಂಥವನೊಬ್ಬ ಇದ್ದ ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ. ನನಗೆ ಬೇಕಿದ್ದದ್ದು ಅಷ್ಟೇ.

ಬಟ್ಟೆಬರೆ ನೋಡಿಕೊಳ್ಳುವವನು ವಿನೀತ ಅಂತ, ಬೆಂಗಳೂರಿನವನು. ನಮ್ಮೂರಿನ ಪಾತ್ರಗಳ ಬಟ್ಟೆ ಹೊಲಿಯುವ ಕೆಲಸ ನನಗೇ ಕೊಟ್ಟ. ಅಪ್ಪನ ಕಥೆ ಹೇಳಿದರೆ ಕಣ್ಣೊರೆಸಿಕೊಂಡ. ಕಡಾಯಿ ನಡೆಸುವುದನ್ನು ಹೀರೋಗೆ ನಮ್ಮಣ್ಣ ಮುಕ್ತಾರನೇ ಕಲಿಸಿದ. ಅಪ್ಪನ ಫೋಟೋ ನೋಡಿದಾಗ ಮಾತ್ರ ವಿನೀತನ ಮುಖ ಸಣ್ಣದಾಯಿತು. ಧೋತರ, ಬಿಳಿ ಅಂಗಿ, ರುಮಾಲು.

"ಇವರು ಮುಸ್ಲಿಂ ಅಂತ ಯಾರಿಗೆ ಗೊತ್ತಾಗುತ್ತೆ?" ಎಂದ.

"ನಮ್ಮ ಕಡೆ ಹಿರ್‍ಯಾರೆಲ್ಲಾ ರುಮಾಲಽ ಸುತ್ತತಾರ್ರಿ. ಅಪ್ಪ ಟೋಪಿ ಹಾಕ್ಕೋತಿದ್ದಿದ್ದು ನಮಾಜಿಗಷ್ಟ."

"ಅದು ನಿಮಗೆ ಗೊತ್ತು ಮೇಡಂ. ಮೈಸೂರಲ್ಲಿ ಕೂತು ನೋಡೋರಿಗೆ ಗೊತ್ತಾಗಬೇಕಲ್ವಾ? ಈಗ ಎಲ್ಲಾ ಥರದ ಜನಾನೂ ಸಿನಿಮಾದಲ್ಲಿ ಇರಬೇಕು ಅಂತಾರೆ."

ಆ ಮಾತಿಗೆ ಮರುಳಾದೆ. ಗೊತ್ತಾಗಲಿ ಬಿಡು, ನಮ್ಮವನೇ ಎಂದು ಎಲ್ಲರಿಗೂ ಗೊತ್ತಾಗಲಿ ಎನ್ನಿಸಿತು. ಮೂರು ದಿನ ಕೂತು, ಬಿಳಿ ನೂಲಿನ ಕಸೂತಿ ಹಾಕಿ ಒಂದು ಟೋಪಿ ಹೊಲಿದುಕೊಟ್ಟೆ. "ಅಪ್ಪ ಯಾವಾಗರ ಟೋಪಿ ಹಾಕ್ಕೊಂಡು ಹೊಳಿಗೆ ಇಳದಿದ್ದನೇನು?" ಎಂದು ಮುಕ್ತಾರ ಗೊಣಗಿದ. ನಿನಗೇನು ತಿಳಿಯುತ್ತದೆ ಎಂದು ಅವನ ಬಾಯಿ ಮುಚ್ಚಿಸಿದೆ.

ಇಂಡಿಯಲ್ಲಿ ಸಿನಿಮಾ ಹಾಕಿದ ದಿನ ಅರ್ಧ ಊರೇ ಹೋಯಿತು. ಇಂದೂಬಾಯಿ, ಸಂಪದಾ ನನ್ನ ಪಕ್ಕದಲ್ಲೇ ಕೂತಿದ್ದರು. "ಟೋಪಿಯವ ಬಂದ್ರ ಚಲೋತ್ನಾಗಿ ನೋಡವಾ. ಅವನಽ ನಿನ್ನ ಕಾಸಿಮಜ್ಜ," ಎಂದು ಹುಡುಗಿಗೆ ಹೇಳಿದೆ. ಒಮ್ಮೆ ಹೇಳಿದರೆ ಸಾಲದೆಂದು ಮತ್ತೆ ಮತ್ತೆ ಹೇಳಿದೆ.

ಪರದೆಯ ಮೇಲೆ ಹೊಳೆ ಏರಿತು, ಕಡಾಯಿ ಬಂತು. ನಡೆಸುತ್ತಿದ್ದವನು ಹೀರೋ, ಪಟ್ಟಣದಿಂದ ಬಂದ ದೊಡ್ಡ ಮನೆತನದವನು. ತಲೆಗೆ ಥೇಟ್ ನಮ್ಮಪ್ಪನ ಹಾಗೆ ಸುತ್ತಿದ ರುಮಾಲು. ನನ್ನ ಟೋಪಿ ಎಲ್ಲಿ ಎಂದು ಹುಡುಕಿದೆ. ಅದನ್ನು ಹಾಕಿಕೊಂಡವನು ಗಂಟು ಹೊತ್ತು, ಹೆಂಗಸರು ಮಕ್ಕಳನ್ನು ದಬ್ಬಿ ಕಡಾಯಿಗೆ ಹಾರಿದ. ಕಡಾಯಿ ಮಗುಚಿತು. ಪುಟ್ಟ ಹುಡುಗಿಯೊಬ್ಬಳು ಮುಳುಗಿದಳು, ಹೀರೋ ಅವಳನ್ನು ಎತ್ತಿಕೊಂಡ. ಜನ ಸಿಳ್ಳೆ ಹೊಡೆದರು. ನಮ್ಮೂರಿನವರೂ ಹೊಡೆದರು. ನನಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನ್ನಿಸಿತು.

ವಿನೀತನಿಗೆ ಫೋನ್ ಹಚ್ಚಿದೆ. "ಕಥೆ ನನ್ನ ಕೈಲಿಲ್ಲ ಮೇಡಂ. ಆದ್ರೂ ನಿಮ್ಮವರದ್ದೊಂದು ಪಾತ್ರ ಇದೆಯಲ್ಲಾ," ಎಂದ. ಇನ್ನು ಯಾರನ್ನು ಬೈಯಲಿ? ಅಪ್ಪನ ತಲೆಯ ರುಮಾಲು ಇಳಿಸಿಕೊಟ್ಟವಳು ನಾನೇ.

ದಸರೆ ಹತ್ತಿರ ಬಂದಾಗ ಫ್ರಾಕು ಹೊಲಿಸಲು ಇಂದೂಬಾಯಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಬಂದಾಗಲೆಲ್ಲ ಅಪ್ಪನ ಫೋಟೋಕ್ಕೆ ಕೈಮುಗಿಯುವುದು ಅವರ ರೂಢಿ. "ನಮಸ್ಕಾರ ಮಾಡು. ನಿನ್ನ ಉಳಿಸಿದವ ಇವನಽ," ಎಂದರು.

"ಇವರಲ್ಲ ಆಜಿ, ಹೀರೋ."

"ಅದು ಸಿನಿಮಾ, ಹುಚ್ಚಿ. ಕಾಸಿಂಸಾಬನ ಹೆಗಲ ಮ್ಯಾಲೆ ಕುಂತು ಬಂದಿ ನೀ."

"ನಿನಗ ಮರವು ಆಜಿ. ನನಗೆಲ್ಲಾ ನೆನಪೈತಿ. ಟೋಪಿಯವನಽ ಕಾಸಿಮಜ್ಜ ಅಂತ ಈ ನಾಜಿಮಾ ಮೌಶಿನಽ ಹೇಳ್ಯಾಳ. ಅವ ನನ್ನ ನೀರಾಗ ದಬ್ಬಿದ."

ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಲ್ಲಿ ಖರೇ ಹೆದರಿಕೆ ಇತ್ತು. ಇಂದೂಬಾಯಿ ಗದರಿಸಿದರು, ಬಿಡಿಸಿ ಹೇಳಿದರು, ಕಡೆಗೆ ಅತ್ತರು. ಅವಳು ಅದನ್ನೇ ಹೇಳಿದಳು.

ನಾನು ಟೇಪು ಹಿಡಿದು, "ಬಾರವಾ, ಅಳತಿ ತಗೋತೇನಿ," ಎಂದೆ.

ಅವಳು ಆಜಿಯ ಸೀರೆಯ ಹಿಂದೆ ಸರಿದು ನಿಂತಳು. ಇಂದೂಬಾಯಿ ನನ್ನ ಮುಖ ನೋಡಲಾರದೆ, "ಇರಲಿ ಬಿಡವಾ ನಾಜಿಮಾ. ಅಳತಿಗೆ ಹಳೀ ಫ್ರಾಕ್ ಕಳಸ್ತೇನಿ," ಎಂದರು.